ತಂದೆ ಆಪರೇಷನ್ ಬೇಡ ಅಂದರೆ ಮಗ ಸಹಿ ಹಾಕಬಹುದಾ?

ಕೋಲಾರದ ಆಸ್ಪತ್ರೆಯಲ್ಲಿರುವ ತಂದೆ ಆಪರೇಷನ್ ಬೇಡ ಅಂತಿದ್ದಾರೆ, ನಾನು ಸಹಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅವರಿಗೆ ಪ್ರಜ್ಞೆ ಇದೆ, ಹೇಳಿದ್ದು ಅರ್ಥವಾಗುತ್ತಿದೆ ಅಂದಮೇಲೆ ತೀರ್ಮಾನ ಅವರದೇ.

2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಶ್ನೆ ಬಂದಿತ್ತು. ಲ್ಯಾಪರೋಸ್ಕೋಪಿಗಷ್ಟೇ (ಸಣ್ಣ ರಂಧ್ರದ ಮೂಲಕ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ವಿಧಾನ) ಒಪ್ಪಿದ್ದ ಮಹಿಳೆಗೆ ಅರಿವಳಿಕೆ ಕೊಟ್ಟಿದ್ದಾಗ, ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದಿದ್ದರು. ತಾಯಿಯ ಒಪ್ಪಿಗೆ ನಡೆಯಲ್ಲ ಎಂದಿತು ಕೋರ್ಟ್. ಪ್ರಾಣಕ್ಕೆ ಅಪಾಯವಿದ್ದು, ರೋಗಿಯನ್ನು ಕೇಳುವ ಸ್ಥಿತಿಯೇ ಇಲ್ಲದಿದ್ದರೆ ಮಾತು ಬೇರೆ.

ಆಪರೇಷನ್ ಆಗದಿದ್ದರೆ ಏನಾಗುತ್ತೆ, ಬೇರೆ ದಾರಿ ಇದೆಯಾ ಅಂತ ಡಾಕ್ಟರ್ ತಂದೆಗೇ ವಿವರಿಸಬೇಕು. ನಮ್ಮ ಕಡೆ ಎಷ್ಟೋ ಹಿರಿಯರಿಗೆ ತೆಲುಗೇ ಸಲೀಸು, ಅಲ್ವಾ? ಹಾಗಿದ್ದರೆ ತೆಲುಗಿನಲ್ಲೇ ಹೇಳಿಸಿ. ಆಮೇಲೂ ಬೇಡ ಅಂದರೆ, ಆಪರೇಷನ್ ಬೇಡ ಅಂದಿದ್ದಾರೆ ಅಂತ ಆಸ್ಪತ್ರೆಯವರು ಬರೆಸಿಕೊಳ್ಳುತ್ತಾರೆ. ಆ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ, ಓದಿಸಿ.