ತಂಡ ಮಾಡಿದರೂ ಫೋನ್ ನಿಲ್ಲುತ್ತಿಲ್ಲ: ಪ್ರತಿಕ್ರಿಯೆ
ಬೆಳಗಾವಿಯ ಉದ್ಯಮಬಾಗ್‌ನ ನಿಮ್ಮ ಬಿಡಿಭಾಗ ತಯಾರಿಸುವ ಮಷೀನ್ ಶಾಪ್‌ನಲ್ಲಿ 40 ಜನರನ್ನು ಮೂರು ತಂಡ ಮಾಡಿದರೂ ಎಲ್ಲದಕ್ಕೂ ನಿಮಗೇ ಫೋನ್ ಬರುತ್ತಿದೆ ಅಂದರೆ, ಕೆಲಸ ಹಂಚಿದ್ದೀರಿ, ತೀರ್ಮಾನ ಹಂಚಿಲ್ಲ. ನಮ್ಮಲ್ಲೂ ಇದೇ ಆಗಿತ್ತು.

ಮೊದಲು ಒಂದು ವಾರ ಬಂದ ಫೋನ್‌ಗಳನ್ನು ಸುಮ್ನೆ ಬರೆದಿಡಿ. ಟೂಲ್ ಖರೀದಿ, ರಜೆ, ರಿಜೆಕ್ಷನ್ (ಅಳತೆ ತಪ್ಪಿದ ಭಾಗ ಏನು ಮಾಡಬೇಕು ಅನ್ನೋದು) ಇವೇ ಜಾಸ್ತಿ ಇರಬಹುದು. ಆಮೇಲೆ ಖರೀದಿಗೆ ಮಿತಿ ಹಾಕಿ: 2000 ರೂಪಾಯಿವರೆಗೆ ತಂಡದ್ದೇ ಮಾತು, ಸಂಜೆ ಬಿಲ್ ತೋರಿಸಿದರೆ ಸಾಕು. ರಜೆಯನ್ನೂ ಅವರೇ ಹೊಂದಿಸಿಕೊಳ್ಳಲಿ. ರಿಜೆಕ್ಷನ್ ತೀರ್ಮಾನವನ್ನು ಕೊನೆಗೆ ಬಿಟ್ಟುಕೊಡಿ. ಭಾಗದ ಡ್ರಾಯಿಂಗ್ ಪದೇ ಪದೇ ಬದಲಾಗುವ ಕಡೆ ಅದು ನಡೆಯುತ್ತೋ ಇಲ್ಲವೋ, ನನಗೆ ಖಾತ್ರಿ ಇಲ್ಲ.

ಈಗ ತಂಡಕ್ಕೆ ಸುಮಾರು 13 ಜನ, ಜಾಸ್ತಿ ಆಯಿತು; ಮೂರನ್ನು ನಾಲ್ಕು ತಂಡ ಮಾಡಿ. ನೆದರ್ಲೆಂಡ್ಸ್‌ನ ನರ್ಸ್‌ಗಳ ಸಂಸ್ಥೆ ಬ್ಯೂರ್ಟ್‌ಜೋರ್ಗ್ (ಅಲ್ಲಿ ತಂಡಗಳೇ ತೀರ್ಮಾನ ಮಾಡುತ್ತವೆ) ಕೂಡ ತಂಡವನ್ನು 12 ಜನಕ್ಕೇ ನಿಲ್ಲಿಸುತ್ತದೆ.

"ಏನ್ ಮಾಡೋಣ್ರಿ ಸಾಹೇಬ್ರ?" ಅಂತ ಮತ್ತೆ ಫೋನ್ ಬಂದರೆ ಉತ್ತರ ಕೊಡಬೇಡಿ, "ನೀವೇ ಹೇಳಿ" ಅನ್ನಿ. ಬಾಯಿ ತಡೆಯುವುದು ಕಷ್ಟ, ಆದರೂ.