ಹಾರ್ಟಿನ ಮಾತ್ರೆಗೂ ಪೊಟ್ಯಾಸಿಯಂಗೂ ಏನ್ ಸಂಬಂಧ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ ಹಾರ್ಟ್ ವೀಕ್ ಅಂತ ಡಿಗಾಕ್ಸಿನ್ ಕೊಟ್ಟಿದಾರೆ, ಜೊತೆಗೆ ಮೂತ್ರ ಜಾಸ್ತಿ ಮಾಡೋ ನೀರಿನ ಮಾತ್ರೆ ಬೇರೆ. ಪದೇ ಪದೇ ಪೊಟ್ಯಾಸಿಯಂ ಟೆಸ್ಟ್ ಯಾಕೆ, ದುಡ್ಡು ದಂಡ ಅಲ್ವಾ?
– ಓದುಗರು, ಡೊಂಬಿವಲಿ

ಉತ್ತರ: ದಂಡ ಅಲ್ಲಮ್ಮ. ಹಾರ್ಟಿನ ಒಂದೊಂದು ಜೀವಕೋಶದ ಪೊರೆಯಲ್ಲೂ ಪ್ರೋಟೀನಿನ ಪಂಪುಗಳಿವೆ, ಮುಂಬೈನ ದಾದರ್ ಸ್ಟೇಷನ್ನಲ್ಲಿ ಲೋಕಲ್ ಟ್ರೈನಿನ ಬಾಗಿಲಲ್ಲಿ ಇಳಿಯೋರು ಹತ್ತೋರು ಇರ್ತಾರಲ್ಲ ಹಾಗೆ, ಸಲಕ್ಕೆ 3 ಸೋಡಿಯಂ ಹೊರಗೆ ದಬ್ಬಿ 2 ಪೊಟ್ಯಾಸಿಯಂ ಒಳಗೆ ಎಳ್ಕೊಳ್ತವೆ, ಆದ್ರೆ ಇಲ್ಲಿ ಲೆಕ್ಕ ಪಕ್ಕಾ. ಈ ಪಂಪನ್ನ 1957ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ವಿಜ್ಞಾನಿ ಯೆನ್ಸ್ ಸ್ಕೌಗೆ ನೊಬೆಲ್ ಬಂದಿದ್ದು 1997ಕ್ಕೆ, ಪಾಪ! ಡಿಗಾಕ್ಸಿನ್ ಈ ಪಂಪನ್ನ ಸ್ವಲ್ಪ ತಡೆಯುತ್ತೆ, ಒಳಗೆ ಸೋಡಿಯಂ ಜಾಸ್ತಿಯಾಗುತ್ತೆ, ಆಗ ಪಕ್ಕದ ಇನ್ನೊಂದು ಪ್ರೋಟೀನು ಕ್ಯಾಲ್ಸಿಯಂ ಹೊರಗೆ ಕಳಿಸೋದು ಕಮ್ಮಿ ಮಾಡುತ್ತೆ, ಉಳಿದ ಕ್ಯಾಲ್ಸಿಯಂನಿಂದ ಹಾರ್ಟ್ ಗಟ್ಟಿಯಾಗಿ ಹಿಂಡುತ್ತೆ.

ಪಂಪಿನ ಮೇಲೆ ಜಾಗಕ್ಕೆ ಡಿಗಾಕ್ಸಿನ್ನಿಗೂ ಪೊಟ್ಯಾಸಿಯಂಗೂ ಪೈಪೋಟಿ. ಕೆಲವು ನೀರಿನ ಮಾತ್ರೆ ಪೊಟ್ಯಾಸಿಯಂನ ಮೂತ್ರದಲ್ಲಿ ಕಳೆದುಬಿಡ್ತವೆ, ಅದು ಇಳಿದ್ರೆ ಡಿಗಾಕ್ಸಿನ್ನೇ ಜಾಸ್ತಿ ಜಾಗ ಹಿಡಿದು, ಅದರ ಅದೇ ಡೋಸ್ ವಿಷ ಆಗಬಹುದು. ವಾಕರಿಕೆ, ಕಣ್ಣಿಗೆಲ್ಲ ಹಳದಿ ಹಳದಿ ಕಾಣೋದು, ಬಡಿತ ಏರುಪೇರು, ಇವು ಕಂಡ್ರೆ ತಕ್ಷಣ ಡಾಕ್ಟ್ರ ಹತ್ರ ಹೋಗಿ. ಪೊಟ್ಯಾಸಿಯಂ ಅಂತ ಕೇಳದೇ ದಿನಾ ಎಳನೀರು ಕುಡಿಸೋಕೆ ಹೋಗ್ಬೇಡಿ, ಕಿಡ್ನಿ ವೀಕ್ ಇದ್ರೆ ಪೊಟ್ಯಾಸಿಯಂ ಏರಿಬಿಡುತ್ತೆ, ಅದೂ ಕಷ್ಟವೇ.