ಆಮ್ಲ ತಗ್ಗಿಸುವ ಕ್ಯಾಪ್ಸೂಲ್: ತಿಂಡಿಗೆ ಮೊದಲೇ ಏಕೆ?

ಪ್ರಶ್ನೆ: ಎದೆಯುರಿಗೆ ವೈದ್ಯರು ಒಮೆಪ್ರಜೋಲ್ ಬರೆದುಕೊಟ್ಟು, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕೆಂದಿದ್ದಾರೆ. ಉರಿ ಬಂದಾಗ ಮಾತ್ರ ತೆಗೆದುಕೊಂಡರೆ ಸಾಲದೇ? ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಬಹುದೇ?

ಉತ್ತರ: ಹೊಟ್ಟೆಯಲ್ಲಿ ಈಗಾಗಲೇ ಇರುವ ಆಮ್ಲವನ್ನು ಈ ಔಷಧ ಶಮನಗೊಳಿಸುವುದಿಲ್ಲ, ಆ ಕೆಲಸ ಆಂಟಾಸಿಡ್‌ಗಳದ್ದು. ಇದು ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ, ಜಠರದ ಗೋಡೆಯಲ್ಲಿ ಆಮ್ಲ ಸ್ರವಿಸುವ ಜೀವಕೋಶಗಳನ್ನು ತಲುಪಿ, ಅಲ್ಲಿನ ಆಮ್ಲದಿಂದಲೇ ಕ್ರಿಯಾಶೀಲ ರೂಪ ಪಡೆದು, ಆಮ್ಲವನ್ನು ಹೊರದೂಡುವ ‘ಪ್ರೋಟಾನ್ ಪಂಪ್’ಗಳಿಗೆ ಬಿಡದಂತೆ ಅಂಟಿಕೊಳ್ಳುತ್ತದೆ. ಆದರೆ ಅದು ಅಂಟುವುದು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವ ಪಂಪ್‌ಗಳಿಗೆ ಮಾತ್ರ. ಆಹಾರ ಹೊಟ್ಟೆ ಸೇರಿದಾಗ ಅವು ಚುರುಕಾಗುವುದರಿಂದ, ಅಷ್ಟರೊಳಗೆ ಔಷಧ ರಕ್ತದಲ್ಲಿ ಸಿದ್ಧವಾಗಿರಬೇಕು. ಪೂರ್ಣ ಪರಿಣಾಮ ಕಾಣಲು 1ರಿಂದ 4 ದಿನ ಹಿಡಿಯಬಹುದು. ಉರಿ ಬಂದಾಗಷ್ಟೇ ನುಂಗಿದವರಿಗೆ ನಿರಾಸೆಯಾಗುವುದು ಇದರಿಂದಲೇ.

ಕ್ಯಾಪ್ಸೂಲ್ ಒಳಗಿರುವ ಪುಟ್ಟ ಬಿಳಿ ಕಾಳುಗಳನ್ನು ಗಮನಿಸಿ. ಒಮೆಪ್ರಜೋಲ್ ಜಠರದ ಆಮ್ಲದಲ್ಲಿ ಬೇಗ ನಾಶವಾಗುವುದರಿಂದ ಪ್ರತಿ ಕಾಳಿಗೂ ರಕ್ಷಣಾ ಲೇಪವಿರುತ್ತದೆ. ಆದ್ದರಿಂದ ಪುಡಿ ಮಾಡುವುದಾಗಲಿ, ಅಗಿಯುವುದಾಗಲಿ ದಯವಿಟ್ಟು ಬೇಡ. ನುಂಗಲು ಕಷ್ಟವಾದರೆ ಬೇರೆ ರೂಪದ ಔಷಧವನ್ನು ವೈದ್ಯರಲ್ಲಿ ಕೇಳಿ.

ನನಗೆ ಹೆಚ್ಚು ಕಳವಳ ತರುವುದು ತಾವಾಗಿಯೇ ಇದನ್ನು ವರ್ಷಗಟ್ಟಲೆ ಮುಂದುವರಿಸುವವರ ವಿಷಯ. ದೀರ್ಘಕಾಲದ ಬಳಕೆಯಲ್ಲಿ ವಿಟಮಿನ್ ಬಿ12 ಮತ್ತು ಮೆಗ್ನೀಷಿಯಂ ಕೊರತೆಯಾಗಬಹುದು. ದಿಢೀರನೆ ನಿಲ್ಲಿಸಿದರೆ ಕೆಲಕಾಲ ಆಮ್ಲ ಮೊದಲಿಗಿಂತ ಹೆಚ್ಚಬಹುದು. ಹೃದ್ರೋಗಕ್ಕೆ ಕ್ಲೋಪಿಡೋಗ್ರೆಲ್ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಮಲ ಕಪ್ಪಗಾದರೆ, ನುಂಗುವಾಗ ಆಹಾರ ಸಿಕ್ಕಿಕೊಂಡರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.